ಕಣ್ಣು ನಿಮಗೂ ಎರಡಿವೆ

ಇನ್ನು ಮುಂದೆ ಈ ಮನೆಯಲ್ಲಿ ಯಾರ ಯಾವ ವಸ್ತುವನ್ನೂ ಹುಡುಕಿಕೊಡುವುದಿಲ್ಲ ಎಂದು ಹುಡುಕಮ್ಮ ಘನಘೋರ ಪ್ರತಿಜ್ಞೆ ಮಾಡಿದ್ದು ಒಂದು ಸೋಮವಾರ ಬೆಳಿಗ್ಗೆ, ಕೈಯಲ್ಲಿ ಗಂಡನ ಒಂಟಿ ಕಾಲುಚೀಲ ಹಿಡಿದುಕೊಂಡು.

ಹುಡುಕಮ್ಮ ಎಂಬುದು ಹೆಸರಲ್ಲ, ಸಹೋದ್ಯೋಗಿಗಳು ಕೊಟ್ಟ ಬಿರುದು. ಬಸ್ ನಿಲ್ದಾಣದ 'ಕಳೆದುಹೋದ ವಸ್ತುಗಳ ವಿಭಾಗ'ದಲ್ಲಿ ಹದಿನೆಂಟು ವರ್ಷದಿಂದ ಗುಮಾಸ್ತೆ ಆಕೆ. ಜನ ಬಸ್ಸಿನಲ್ಲಿ ಬಿಟ್ಟುಹೋಗುವ ಛತ್ರಿ, ಹೆಲ್ಮೆಟ್ಟು, ಊಟದ ಡಬ್ಬಿ, ಒಮ್ಮೆಯಂತೂ ಪೂರಾ ಹಲ್ಲಿನ ಸೆಟ್ಟು, ಎಲ್ಲಕ್ಕೂ ಚೀಟಿ ಅಂಟಿಸಿ, ಕೇಳಿದವರಿಗೆ ಕಣ್ಣುಮುಚ್ಚಿ ತೆಗೆದುಕೊಡುತ್ತಿದ್ದಳು. ಸಂಜೆ ಮನೆಗೆ ಬಂದರೆ ಅಲ್ಲೂ ಅದೇ ಕೌಂಟರು. ಗಂಡ ಗಣಿತದ ಮೇಷ್ಟ್ರು. ಇಡೀ ತರಗತಿಗೆ 'ಎಕ್ಸ್' ಕಂಡುಹಿಡಿದು ಕೊಡುವ ಮಹಾನುಭಾವರಿಗೆ ತಮ್ಮ ಹೆಗಲ ಮೇಲಿನ ಟವೆಲ್ಲು ಸಿಗುತ್ತಿರಲಿಲ್ಲ.

ಆದರೆ ಆ ಸೋಮವಾರದ ಸಿಟ್ಟಿನ ಬೇರು ಕಾಲುಚೀಲದಲ್ಲಿರಲಿಲ್ಲ. ವಿಭಾಗದ ಮೇಲ್ವಿಚಾರಕರ ಹುದ್ದೆ ಮೂರನೇ ಸಲ ಖಾಲಿಯಾಗಿತ್ತು. ಹಿಂದಿನ ಎರಡು ಸಲ ಅವಳೇ ಕೆಲಸ ಕಲಿಸಿದ ಗಂಡಸರು ಅವಳ ತಲೆಯ ಮೇಲೆ ಬಂದು ಕೂತಿದ್ದರು. ಈ ಸಲ ಅರ್ಜಿಗೆಂದು ಕಪಾಟಿನಿಂದ ಕಾಗದಪತ್ರಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಹರಡಿಕೊಂಡಿದ್ದಳು, ಅಷ್ಟರಲ್ಲೇ ಮುಖ್ಯ ಕಚೇರಿಯಿಂದ ಫೋನಿಗೆ ಸುತ್ತೋಲೆ ಬಂತು: 'ಅರ್ಹ ಮಹಿಳೆಯರು ಕಂಡುಬಾರದ ಕಾರಣ ಪುರುಷ ಸಿಬ್ಬಂದಿಯನ್ನೇ ಪರಿಗಣಿಸಲಾಗುವುದು.'

ಹಲ್ಲಿನ ಸೆಟ್ಟು ಕಂಡುಬಂದಿತ್ತು, ಹದಿನೆಂಟು ವರ್ಷ ಅದೇ ಕುರ್ಚಿಯಲ್ಲಿ ಕೂತ ಹೆಂಗಸು ಕಂಡುಬಂದಿರಲಿಲ್ಲ.

ಆ ಹೊತ್ತಿಗೇ ಮೇಷ್ಟ್ರು ಒಳಗಿನಿಂದ ಕೂಗಿದರು, "ಇನ್ನೊಂದು ಕಾಲುಚೀಲ ಎಲ್ಲೇ?"

ಹುಡುಕಮ್ಮ ಮೇಜಿನ ಮೇಲೆ ಕೈಗೆ ಸಿಕ್ಕ ದಪ್ಪ ಹಾಳೆ ಎಳೆದುಕೊಂಡು, ಮಗಳ ಸ್ಕೆಚ್ ಪೆನ್ನಿನಿಂದ ದಪ್ಪಕ್ಷರದಲ್ಲಿ ಬರೆದಳು: 'ಕಣ್ಣು ನಿಮಗೂ ಎರಡಿವೆ, ನೀವೇ ನೋಡಿ!' ಬೀರುವಿನ ಬಾಗಿಲಿಗೆ ಅಂಟಿಸಿದಳು.

"ಇದು ಯಾರಿಗೆ?" ಎಂದರು ಮೇಷ್ಟ್ರು.

"ಓದಿದವರಿಗೆ."

ಮಾತೆಂದರೆ ಮಾತು. ಮೇಷ್ಟ್ರು ಒಂದು ಕರಿ, ಒಂದು ಕಂದು ಕಾಲುಚೀಲ ಹಾಕಿಕೊಂಡು ಶಾಲೆಗೆ ಹೋದರು. ಮಗಳು ಜಾಮಿಟ್ರಿ ಬಾಕ್ಸ್ ಎಂದು ಹೊಲಿಗೆ ಡಬ್ಬಿ ಒಯ್ದಳು. ಹುಡುಕಮ್ಮ ಜಪ್ಪಯ್ಯ ಅನ್ನಲಿಲ್ಲ.

ಶುಕ್ರವಾರ ಮಹಿಳಾ ಸಿಬ್ಬಂದಿ ಮುಖ್ಯ ಕಚೇರಿಗೆ ಮೆರವಣಿಗೆ ಹೋಗುವುದೆಂದು ತೀರ್ಮಾನವಾಯಿತು. ಬ್ಯಾನರಿನ ಒಕ್ಕಣೆ ಹುಡುಕಮ್ಮನದು: 'ಸಮಾನ ಅವಕಾಶ ಕಲ್ಪಿಸಬೇಕೆಂದು ಸವಿನಯ ಪ್ರಾರ್ಥನೆ.' ಅದನ್ನು ಪೇಂಟರಿಗೆ ತಲುಪಿಸುವ ಹೊಣೆ ಮೇಷ್ಟ್ರದು. ಗುರುವಾರ ಮಧ್ಯಾಹ್ನ ಅವರ ಫೋನು ಬಂತು.

"ಬ್ಯಾನರ್‌ಗೆ ಬರೆದ ಹಾಳೆ ಎಲ್ಲಿಟ್ಟಿದೀಯ?"

ನೀಲಿ ಫೈಲಿನಲ್ಲಿ ಎಂದು ಒಂದೇ ಮಾತು ಹೇಳಿದ್ದರೆ ಮುಗಿದಿತ್ತು. ಪ್ರತಿಜ್ಞೆ ಅಡ್ಡ ಬಂತು.

"ನಾನು ಹೇಳಲ್ಲ ರೀ. ಹುಡುಕಿ."

ಮೇಷ್ಟ್ರು ಹುಡುಕಿದರು. ಸಿಕ್ಕಿಯೂ ಬಿಟ್ಟಿತು, ದೊಡ್ಡ ಅಕ್ಷರದಲ್ಲಿ, ಬೀರುವಿನ ಬಾಗಿಲ ಮೇಲೇ.

ಶುಕ್ರವಾರ ಮುಖ್ಯ ಕಚೇರಿಯ ಗೇಟಿನ ಮುಂದೆ ಇಪ್ಪತ್ತಡಿಯ ಬ್ಯಾನರ್ ಬಿಚ್ಚಿದಾಗ ಹುಡುಕಮ್ಮ ಅದನ್ನು ಮತ್ತೆ ಸುತ್ತಿಡಲು ಓಡಿದಳು. ಸವಿನಯವೂ ಇಲ್ಲ, ಪ್ರಾರ್ಥನೆಯೂ ಇಲ್ಲ. ಆದರೆ ಓದಿದ ಹೆಂಗಸರು ಮೊದಲು ನಕ್ಕರು, ಆಮೇಲೆ ಕೂಗಿದರು.

"ಕಣ್ಣು ನಿಮಗೂ—"

"ಎರಡಿವೆ!"

"ನೀವೇ—"

"ನೋಡಿ!"

ಬಾಲ್ಕನಿಗೆ ಬಂದ ದೊಡ್ಡ ಸಾಹೇಬರು ಬ್ಯಾನರ್ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದರು. ಪತ್ರಿಕೆಯವಳೊಬ್ಬಳು ಈ ಘೋಷಣೆಯ ಮೂಲವೇನು ಎಂದು ಕೇಳಿದಳು. ಕಾಲುಚೀಲ ಎನ್ನಲು ಹುಡುಕಮ್ಮನಿಗೆ ನಾಲಿಗೆ ಹೊರಳಲಿಲ್ಲ. "ಹದಿನೆಂಟು ವರ್ಷದ ಚಿಂತನೆ" ಎಂದಳು. ಅದೇನು ಸುಳ್ಳೂ ಅಲ್ಲ.

ಸೋಮವಾರ ಸಂಜೆ ಸಾಹೇಬರಿಂದ ಬುಲಾವ್ ಬಂತು: ನಾಳೆ ಹನ್ನೊಂದಕ್ಕೆ ತರಬೇತಿಯ ಮೂಲ ಪ್ರಮಾಣಪತ್ರದೊಂದಿಗೆ ಹಾಜರಾಗಬೇಕು, ತಪ್ಪಿದರೆ ಶುಕ್ರವಾರ ಗೇಟಿನಲ್ಲಿ ಕೊಟ್ಟುಬಂದ ಅರ್ಜಿ ರದ್ದು.

ಹುಡುಕಮ್ಮ ಕಪಾಟು ಜಾಲಾಡಿದಳು, ಟ್ರಂಕು ಕೊಡವಿದಳು, ಹಾಸಿಗೆ ಮಗುಚಿದಳು. ಪ್ರಮಾಣಪತ್ರ ನಾಪತ್ತೆ. ಊರಿನವರ ಹಲ್ಲು ಹುಡುಕಿಕೊಟ್ಟವಳು ಕೊನೆಗೆ ಬಾಯಿಬಿಟ್ಟಳು, "ರೀ, ನನ್ನ ಸರ್ಟಿಫಿಕೇಟ್ ಎಲ್ಲಿದೆ?"

ಎಂಟು ದಿನದಿಂದ ಈ ಪ್ರಶ್ನೆಗಾಗಿ ಕಾದಿದ್ದ ಮೇಷ್ಟ್ರು ಬಾಯಿ ತೆರೆದರು. ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡರು. ಎದ್ದು ಬಂದು ತಾವೂ ಹುಡುಕತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ನಿಂತರು.

"ಆ ಬ್ಯಾನರ್ ಹಾಳೆಯ ಹಿಂದುಗಡೆ ಏನೋ ಮುದ್ರೆ ಇದ್ದ ಹಾಗಿತ್ತು ಕಣೆ."

"ಅಯ್ಯೋ, ಏನು ಅಂತ ನೋಡಬಾರದಿತ್ತಾ?"

"ಹಿಂದೆ ನೋಡಿ ಅಂತ ನೀನು ಬರೆದಿರ್ಲಿಲ್ಲ."

ಇಬ್ಬರೂ ಪೇಂಟರ್ ಅಂಗಡಿಗೆ ಓಡಿದರು. ಆತ ಆ ಹಾಳೆಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. "ಇದನ್ನ ನೋಡಿ ಆರು ಜನ ಬ್ಯಾನರ್‌ಗೆ ಹೇಳಿದ್ದಾರೆ ಅಕ್ಕಾ" ಎಂದು ಒಲ್ಲದ ಮನಸ್ಸಿನಿಂದ ಬಿಚ್ಚಿಕೊಟ್ಟ.

ಮರುದಿನ ಸಾಹೇಬರು ಪ್ರಮಾಣಪತ್ರ ಓದಿದರು. 'ಪ್ರಥಮ ಶ್ರೇಣಿ.' ತಿರುವಿದರು. ತುಂಬ ಹೊತ್ತು ನೋಡಿದರು.

"ಇದು ನನಗೆ ಬರೆದದ್ದೇನಮ್ಮಾ?"

"ಮೊದಲು ನಮ್ಮ ಮನೆಯವರಿಗೆ ಬರೆದೆ ಸರ್. ಶುಕ್ರವಾರ ನಿಮಗೆ ಅಂತ ಆಯ್ತು. ನಿನ್ನೆ ಸಂಜೆಯಿಂದ ನನಗೇ ಅನ್ನಿಸ್ತಿದೆ. ಯಾವ ಹಾಳೆ ಅಂತ ನೋಡದೆ ಬರೆದವಳು ನಾನೇ ತಾನೇ."

ಸಾಹೇಬರ ಮೀಸೆಯಡಿ ನಗು ಇಣುಕಿತು. ಬಡ್ತಿಯ ಆದೇಶವನ್ನು ಮುಂದಕ್ಕೆಳೆದುಕೊಂಡರು. ಜೇಬು ಮುಟ್ಟಿಕೊಂಡರು, ಡ್ರಾಯರ್ ಎಳೆದರು.

"ನನ್ನ ಪೆನ್ನು ಎಲ್ಲಿ ಹೋಯ್ತು? ನೋಡಿದ್ರಾ?"

ಪೆನ್ನು ಫೈಲಿನ ಅಂಚಿನಡಿ ಇತ್ತು. ಹುಡುಕಮ್ಮನಿಗೆ ಕಂಡಿತ್ತು. ಹದಿನೆಂಟು ವರ್ಷದ ಅಭ್ಯಾಸಬಲದಿಂದ ಕೈ ಅರ್ಧ ದೂರ ಹೋಗಿಯೂ ಬಿಟ್ಟಿತ್ತು. ಆ ಕೈಯನ್ನು ಹಿಂದಕ್ಕೆ ತಂದು, ಪ್ರಮಾಣಪತ್ರವನ್ನು ಎತ್ತಿ, ಹಿಂಬದಿಯ ದಪ್ಪಕ್ಷರದ ಬರಹ ಸಾಹೇಬರ ಕಡೆಗೆ ಬರುವಂತೆ ಮೇಜಿನ ಮೇಲಿಟ್ಟಳು.