ಎರಡು ದೇಶದ ಪ್ರಜೆ, ಒಂದು ಬೇಗನೆ ಹೋಗುವ ಸಾಲು

ಬೇರೆಯವರು ಏರ್‌ಪೋರ್ಟಿಗೆ ಹೋಗಿ ವಿಮಾನ ಹತ್ತುತ್ತಾರೆ, ಅಷ್ಟೆ. ನಾನು ಹೋದರೆ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ. ಟೊರಾಂಟೊದಲ್ಲಿ ಎಂಟು ವರ್ಷ ಕೆಲಸ ಮಾಡಿ ಕೆನಡಾ ಪ್ರಜೆಯಾದವನು, ಆಮೇಲೆ ಲಾಸ್ ಏಂಜಲೀಸ್ ಪಕ್ಕದ ಟೊರೆನ್ಸಿಗೆ ಬಂದು ಅಮೆರಿಕದ ಪ್ರಜೆಯೂ ಆದೆ. ಏರ್‌ಪೋರ್ಟಿನ ತಪಾಸಣೆ ಬೇಗ ಮುಗಿಯಲಿ ಅಂತ ಗ್ಲೋಬಲ್ ಎಂಟ್ರಿ ಅನ್ನೋ ಸರ್ಕಾರಿ ಕಾರ್ಡಿಗೆ ಅಪ್ಲೈ ಮಾಡಿದೆ.

ಸಂದರ್ಶನ

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ" ಅಂತ ಹೆಂಡತಿ ಹೇಳಿ ಕಳಿಸಿದ್ದಳು.

"ಈಗ ಎಲ್ಲಿದ್ದೀರಿ?" ಅಧಿಕಾರಿ ಕೇಳಿದ.

"ಟೊರೆನ್ಸ್."

"ಅದಕ್ಕೆ ಮುಂಚೆ?"

"ಟೊರಾಂಟೊ."

ನನ್ನ ಬಾಯಲ್ಲಿ ಎರಡೂ ಒಂದೇ ಥರ ಬಂದಿರಬೇಕು. ಅವನು ಟೈಪ್ ಮಾಡೋದು ನಿಲ್ಲಿಸಿ, "ಹಾಗಾದರೆ ನೀವು ಮನೆ ಬದಲಾಯಿಸೇ ಇಲ್ಲ?" ಅಂದ.

ಬೂಟು

ಕಾರ್ಡು ಬಂತು. ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿರುವ ನಾದಿನಿ ಮನೆಯಿಂದ ಹೊರಟು ಸ್ಯಾನ್ ಡಿಯಾಗೋದಲ್ಲಿ ವಿಮಾನ ಹತ್ತಬೇಕಿತ್ತು. ಹೆಂಡತಿಗೆ ಇನ್ನೂ ಕಾರ್ಡಿರಲಿಲ್ಲ. ಅವಳನ್ನು ಉದ್ದ ಸಾಲಿಗೆ ಕಳಿಸಿ, "ಒಳಗೆ ಕಾಯ್ತಿರ್ತೀನಿ" ಅಂತ ಗತ್ತಿನಲ್ಲಿ ಹೋದೆ. ಕಾರ್ಡಿದ್ದವರ ಸಾಲಿನಲ್ಲಿ ಬೂಟು ಬಿಚ್ಚಬೇಕಿಲ್ಲ. ನಾನೋ, ಅಭ್ಯಾಸಬಲದಿಂದ ಬೂಟು, ಬೆಲ್ಟು ಎರಡೂ ಬಿಚ್ಚಿದೆ. "ಬೇಡ ಸಾರ್" ಅಂದರು, ಹಾಕಿಕೊಂಡೆ. ಕಿಸೆಯಲ್ಲಿದ್ದ ಕೀಗೊಂಚಲಿಗೆ ಯಂತ್ರ ಕೂಗಿತು. ಅದನ್ನು ತೆಗೆದಿಟ್ಟು ಬಂದರೆ ಫೋನಿಗೆ ಕೂಗಿತು. ಹಿಂದಿನವರೆಲ್ಲ ಗೊಣಗತೊಡಗಿದರು.

ಕೊನೆಗೂ ಹೊರಬಂದಾಗ ಹೆಂಡತಿ ಎರಡು ಲೋಟ ಹಿಡಿದು ನಿಂತಿದ್ದಳು.

"ನಿಮ್ಮ ಕಾಫಿ ಆರಿಹೋಯ್ತು."

ಯಾರಿವರು?

ಹೆಂಡತಿಗೂ ಮಗಳಿಗೂ ಕಾರ್ಡು ಸಿಕ್ಕ ಮೇಲೆ ಒಮ್ಮೆ ಬೆಂಗಳೂರಿನಿಂದ ಲಾಸ್ ಏಂಜಲೀಸಿಗೆ ಬಂದಿಳಿದೆವು. ನನ್ನ ಎರಡು ಪಾಸ್‌ಪೋರ್ಟುಗಳೂ ಕಡುನೀಲಿ. ನಿದ್ದೆಗಣ್ಣಲ್ಲಿ ಯಂತ್ರಕ್ಕೆ ಕೆನಡಾದ್ದನ್ನು ತೋರಿಸಿದೆ. ಅದು ದೊಡ್ಡ ಕಾಟು ಹೊಡೆದ ಚೀಟಿ ಉಗುಳಿ ನನ್ನನ್ನು ಅಧಿಕಾರಿಯ ಹತ್ತಿರ ಅಟ್ಟಿತು. ಆಯಮ್ಮ ನನ್ನನ್ನು ಪ್ರವಾಸಿ ಅಂದುಕೊಂಡರು.

"ಅಮೆರಿಕಕ್ಕೆ ಯಾಕೆ ಬಂದಿರಿ?"

"ಮನೆಗೆ."

"ಯಾರ ಮನೆಗೆ?"

"ನನ್ನ ಮನೆಗೇ."

"ಎಷ್ಟು ದಿನ ಇರ್ತೀರಿ?"

"ಸಾಯೋವರೆಗೂ."

ಅವರ ಮುಖ ಬಿಗಿಯಾಯಿತು. ಅಷ್ಟರಲ್ಲಿ ಹೆಂಡತಿ ನನ್ನ ಜಾಕೆಟ್ಟಿಗೇ ಕೈಹಾಕಿ ಇನ್ನೊಂದು ಪಾಸ್‌ಪೋರ್ಟ್ ಎಳೆದು ಮುಂದಿಟ್ಟಳು. ಅಧಿಕಾರಿ ಎರಡೂ ಫೋಟೋ ನೋಡಿದರು, ನನ್ನನ್ನೂ ನೋಡಿದರು. ಒಂದರಲ್ಲಿ ಮೀಸೆ, ಇನ್ನೊಂದರಲ್ಲಿ ಬೋಳು ತಲೆ. ಆಮೇಲೆ ಬಗ್ಗಿ ನಮ್ಮ ಏಳು ವರ್ಷದ ಮಗಳನ್ನು ಕೇಳಿದರು: "ಪುಟ್ಟಿ, ಇವರು ಯಾರು?"

ಮಗಳು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು: "ಮನೆಯಲ್ಲಿ ನಮ್ಮಪ್ಪ. ಇಲ್ಲಿ ಯಾರೋ ಗೊತ್ತಿಲ್ಲ."

ಅಧಿಕಾರಿ ನಗು ತಡೆಯಲಾರದೆ ಎರಡೂ ಪಾಸ್‌ಪೋರ್ಟುಗಳನ್ನು ನನಗಲ್ಲ, ಮಗಳ ಕೈಗೆ ಕೊಟ್ಟರು.

"ಹಾಗಾದರೆ ಮನೆಗೆ ಕರ್ಕೊಂಡು ಹೋಗಿ ಅಪ್ಪನೇ ಹೌದಾ ಅಂತ ಒಂದ್ಸಲ ನೋಡಿಬಿಡು."