ದನದ ದವಾಖಾನೆಯ ದೀಪಾವಳಿ

ದೀಪಾವಳಿಗೆ ಊರಿಗೆಲ್ಲ ರಜೆ, ನನಗೊಬ್ಬನಿಗೆ ಇಲ್ಲ. ಎಂಬತ್ತರ ದಶಕದಲ್ಲಿ ಕಲಘಟಗಿ ಕಡೆಯ ಒಂದು ದನದ ದವಾಖಾನೆಯಲ್ಲಿ ನಾನು ಕಂಪೌಂಡರ್. ಪಾಡ್ಯದ ದಿನ ದನಗಳಿಗೆ ಪೂಜೆ. ಪೂಜೆ ಆದ ಮೇಲೆ ಅವಕ್ಕೆ ಏನಾದರೊಂದು ಆಗಲೇಬೇಕು!

೧. ಜ್ವರ

"ಎತ್ತಿನ ಮೈ ಸುಡಾಕತ್ತೈತ್ರಿ!" ಎಂದು ಒಬ್ಬ ರೈತ ಓಡಿ ಬಂದ. ಸೈಕಲ್ ತುಳಿದು ಹೋದೆ. ಎತ್ತು ಆರಾಮಾಗಿ ಮೆಲುಕು ಹಾಕುತ್ತಿತ್ತು. ಮೈಯಿಂದ ಹಬೆ ಏಳುತ್ತಿತ್ತು.

"ಏನ್ ಮಾಡೀರಿ ಇದಕ್ಕ?"

"ಹಬ್ಬ ಅಲ್ರಿ, ಎರಡ ಹಂಡೆ ಬಿಸಿನೀರ ಎರದೇವಿ."

"ಹಂಗಾರ ಆರೂತನಕ ತಡೀರಿ."

ಅವನ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟ ಹೇಳಾಕ ಸರಕಾರ ನಿಮಗ ಪಗಾರ ಕೊಡತೈತೇನ್ರಿ?"

೨. ಒದೆ

ಇನ್ನೊಬ್ಬ ಕುಂಟುತ್ತ ಬಂದ. ಆರತಿ ಬೆಳಗುವಾಗ ಆಕಳು ಒದ್ದಿತ್ತಂತೆ.

"ಇದು ದನದ ದವಾಖಾನಿ. ನಿನ್ನ ಕಾಲಿಗೆ ಔಷಧ ಇಲ್ಲೋ" ಎಂದೆ.

"ಕಾಲಿಗಲ್ರಿ, ನಮ್ಮನಿಯಾಕಿಗೆ ಕೊಡ್ರಿ. ಮುಂಜಾನಿಂದ ನಗೂದು ನಿಂದರವಲ್ದು!"

೩. ಉಂಗುರ

ಇನ್ನೊಂದು ಮನೆಯಲ್ಲಿ ಮಗಳ ಮದುವೆಯಾದ ಮೇಲಿನ ಮೊದಲ ದೀಪಾವಳಿ. ಅಳಿಯನಿಗೆಂದು ಮಾಡಿಸಿದ ಉಂಗುರವನ್ನು ಅತ್ತೆ ಭದ್ರವಾಗಿರಲೆಂದು ತಾನೇ ಹಾಕಿಕೊಂಡಿದ್ದಳು. ನಾನು ಹೋದಾಗ ಎಮ್ಮೆಯ ಮುಂದೆ ಅಳುತ್ತ ಕೂತಿದ್ದಳು.

"ಹಿಂಡಿ ಕಲಸೂವಾಗ ಜಾರೇತ್ರಿ. ಇದs ನುಂಗೈತಿ. ಮಧ್ಯಾಹ್ನದ ಬಸ್ಸಿಗೆ ಅಳಿಯಂದ್ರು ಬರ್ತಾರ. ಬರೇ ಬೆರಳ ನೋಡಿದ್ರ ಬೀಗರು ನನ್ನ ಮಗಳನ್ನ ಬಿಡ್ತಾರೇನ್ರಿ?"

ಎಮ್ಮೆಗೆ ಜುಲಾಬು ಕುಡಿಸಿದೆ. ಇಬ್ಬರೂ ಅದರ ಹಿಂದೆ ಬುಟ್ಟಿ ಹಿಡಿದು ಕಾದೆವು. ಎಮ್ಮೆ ಧಾರಾಳವಾಗಿ ಕೊಟ್ಟಿತು. ಕೈಯಾಡಿಸಿದ್ದೇ ಆಡಿಸಿದ್ದು, ಉಂಗುರ ಮಾತ್ರ ಇಲ್ಲ. ಅಷ್ಟರಲ್ಲಿ ಅಳಿಯ ಬಂದೇಬಿಟ್ಟ.

ಪಾಡ್ಯದ ದಿನ ನಮ್ಮ ಕಡೆ ಸೆಗಣಿಯಲ್ಲಿ ಪಾಂಡವರನ್ನು ಮಾಡಿ, ಹೂ ಸಿಕ್ಕಿಸಿ, ಹೊಸ್ತಿಲ ಬಳಿ ಕೂರಿಸುತ್ತಾರೆ. ಅಳಿಯ ಕೈಮುಗಿಯಲು ಬಗ್ಗಿದವನು ಹಾಗೇ ನಿಂತ. ಬಿಸಿಲಿಗೆ ದೊಡ್ಡ ಪಾಂಡವ ಬಿರಿದಿದ್ದ.

"ಅತ್ತಿ, ಭೀಮಸೇನನ ಹೊಟ್ಯಾಗ ಏನೋ ಹೊಳ್ಯಾಕತ್ತೈತಲ್ರಿ!"

ಉಂಗುರ ಜಾರಿದ್ದು ಹಿಂಡಿಯಲ್ಲಲ್ಲ, ಬೆಳಗ್ಗೆ ಸೆಗಣಿ ನಾದುವಾಗ! ಅತ್ತೆ ಕಣ್ಣೊರೆಸಿಕೊಂಡು ಥಟ್ಟನೆ ಅಂದಳು: "ಹೌದ್ರಿ ಅಳಿಯಂದ್ರ, ನಿಮಗಂತನs ಹಿಡಕೊಂಡ ಕುಂತಾನ. ತಗೋರಿ!"

ನಾನು ಕೈ ತೊಳೆದು ಅಲ್ಲೇ ಕಟ್ಟೆಯ ಮೇಲೆ ಕೂತೆ. ಹೋಳಿಗೆ ಉಂಡೇ ಎದ್ದೆ.

ಮರುವರ್ಷ ಆ ಅಳಿಯ ಕಾಲು ತೊಳೆಯುವ ಮೊದಲೇ ಹೊಸ್ತಿಲಲ್ಲಿ ಕೂತು, ಐದೂ ಪಾಂಡವರ ಹೊಟ್ಟೆ ಬಗೆದು ನೋಡಿದನಂತೆ.