ಹಜಾರದಿಂದ ಹೊರಬಂದ ಸೋಫಾ

ವಿದ್ಯಾರಣ್ಯಪುರದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ ಅವರು ರಸ್ತೆಗೆ ಡಾಂಬರು ಬಿದ್ದ ವರ್ಷವನ್ನು ಬಿಟ್ಟರೂ ಬಿಡಬಹುದು, ಮೊದಲ ಸಿಟಿ ಬಸ್ಸು ಬಂದ ದಿನವನ್ನು ಮರೆತರೂ ಮರೆಯಬಹುದು. ಆದರೆ ಎಂಬತ್ತಮೂರನೇ ಇಸವಿಯ ಒಂದು ಭಾನುವಾರ ಸುಬ್ರಹ್ಮಣ್ಯ ತನ್ನ ಮನೆಯ ಸೋಫಾವನ್ನು ಹಜಾರದಿಂದ ಎತ್ತಿ ತಂದು ಕಾಂಪೌಂಡಿನಲ್ಲಿಟ್ಟ ಸಂಗತಿಯನ್ನು ಮಾತ್ರ ಬಿಡುವಂತಿಲ್ಲ.

ಸೋಫಾ ಹೊರಗೆ ಬಂದದ್ದು ಒಳಗೆ ಜಾಗ ಸಾಲದೆ. ಜಾಗ ಬೇಕಾಗಿದ್ದು ಬ್ಲೂಸ್ ಸಂಗೀತಕ್ಕೆ, ಅಂದರೆ ಅಮೆರಿಕದ ಕಪ್ಪುಜನರ ದುಃಖದ ಹಾಡಿಗೆ. ಬ್ಲೂಸ್ ಎಂದರೇನೆಂದು ಸುಬ್ರಹ್ಮಣ್ಯನಿಗೆ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಇಷ್ಟು: ಅವನು ಗುಮಾಸ್ತನಾಗಿದ್ದ ಬ್ಯಾಂಕು ಬಾಗಲೂರಿನಲ್ಲಿ ಹೊಸ ಶಾಖೆ ತೆರೆಯಲಿತ್ತು. ಅಲ್ಲಿಗೆ ಯಾರನ್ನು ಹಾಕಬೇಕೆನ್ನುವುದು ಮ್ಯಾನೇಜರ್ ಮುಕ್ತಾರ್ ಸಾಹೇಬರ ಕೈಯಲ್ಲಿತ್ತು. ಸಾಹೇಬರಿಗೆ ಬ್ಲೂಸ್ ಎಂದರೆ ಪ್ರಾಣ. ಸುಬ್ರಹ್ಮಣ್ಯನಿಗಾದರೋ ಬಾಗಲೂರು ಎಂದರೆ ಪ್ರಾಣಸಂಕಟ. ಅದು ಅವನ ತಾಯಿಯ ತವರು. ಬ್ಯಾಂಕಿನಲ್ಲಿ ಬಿ. ಎಸ್. ಸುಬ್ರಹ್ಮಣ್ಯನಾದವನು ಅಲ್ಲಿ ಇವತ್ತಿಗೂ ಮುನಿಸುಬ್ಬ. ಟೈ ಕಟ್ಟಿ ಕೌಂಟರಿನಲ್ಲಿ ಕುಳಿತಾಗ ಸೋದರಮಾವಂದಿರು ಸಾಲಾಗಿ ಬಂದು “ಏನ್ಲಾ ಮುನಿಸುಬ್ಬಾ” ಎನ್ನುವ ದೃಶ್ಯವನ್ನು ನೆನೆದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ತಿಂಗಳಿಗೊಮ್ಮೆ ಸಾಹೇಬರ ಆರ್.ಟಿ. ನಗರದ ಮನೆಯಲ್ಲಿ ಏಳೆಂಟು ಜನ ಗೆಳೆಯರು ಸೇರಿ ಬ್ಲೂಸ್ ಕೇಳುವ ರೂಢಿಯಿತ್ತು. “ಈ ಸಲ ಮನೆಗೆ ಸುಣ್ಣ ಹೊಡೆಸ್ತಿದೀನಿ. ಎಲ್ಲಿ ಕೂರೋದೋ ಗೊತ್ತಾಗ್ತಿಲ್ಲ” ಎಂದು ಅವರು ಊಟದ ಹೊತ್ತಿನಲ್ಲಿ ಪೇಚಾಡಿದಾಗ ಸುಬ್ರಹ್ಮಣ್ಯ ಎದ್ದು ನಿಂತ.

“ನಮ್ಮನೇಲಿ ಕೂರಿ ಸಾರ್. ನಂಗೂ ಬ್ಲೂಸ್ ಅಂದ್ರೆ ಹುಚ್ಚು.”

“ಹೌದೇನ್ರೀ? ಇಷ್ಟು ದಿನ ಹೇಳ್ಲೇ ಇಲ್ಲ!”

“ಹೇಳ್ಕೊಳ್ಳೋ ಅಂಥದ್ದೇನಿದೆ ಸಾರ್” ಎಂದ ಸುಬ್ರಹ್ಮಣ್ಯ. ಅವನು ಆ ದಿನ ಆಡಿದ ಒಂದೇ ಒಂದು ನಿಜ ಅದು.

ಉಳಿದ ತೊಡಕು ತಾಯಿ ಮುನಿಕೆಂಪಮ್ಮ. ಎಲೆ ಅಡಿಕೆಯ ಚೀಲ ಇಟ್ಟುಕೊಂಡು ದಿನವಿಡೀ ಮುಂದಿನ ಮೆಟ್ಟಿಲ ಮೇಲೆ ಕುಳಿತು, ಹೋಗುವವರನ್ನೂ ಬರುವವರನ್ನೂ ನಿಲ್ಲಿಸಿ ಮಾತಾಡಿಸುವುದು ಆಕೆಯ ಕಾಯಕ. ಸಾಹೇಬರನ್ನೂ ನಿಲ್ಲಿಸಿದರೆ? ಭಾನುವಾರ ಬೆಳಗ್ಗೆ ಸುಬ್ರಹ್ಮಣ್ಯ ಆಕೆಯ ಬಟ್ಟೆಯ ಚೀಲವನ್ನು ತಾನೇ ತುಂಬಿಸಿದ.

“ಅವ್ವ, ಇಲ್ಲೇ ಪಕ್ಕದ ಹಳ್ಳಿ ಸಿಂಗಾಪುರಕ್ಕೆ, ಚಿಕ್ಕವ್ವನ ಮನೆಗೆ ಹೋಗಿದ್ದು ಬಾ. ಬೇಜಾರು ಕಳೀತದೆ.”

“ನಂಗ್ಯಾವ ಬ್ಯಾಜಾರ್ಲಾ? ದೊಡ್ಡೋರು ಬತ್ತಾವ್ರೆ ಅಂತ ಬಾಯ್ಬುಟ್ಟು ಏಳು, ಓಯ್ತೀನಿ.”

ಅವನು ತಾಯಿಯ ಮುಖ ನೋಡಲಾರದೆ ಚೀಲದ ಹಿಡಿಯನ್ನೇ ನೋಡುತ್ತ ನಿಂತ. ಆಕೆ ಹೋದಳು.

ಸಂಜೆ ಸಾಹೇಬರೂ ಗೆಳೆಯರೂ ಬಂದರು. ಗೇಟಿನ ಬಳಿ ಚಪ್ಪಲಿಗಳ ರಾಶಿ ಬಿತ್ತು. ಹಾಡುಗಾರ ಡೆಸ್ಮಂಡ್, ಫ್ರೇಜರ್ ಟೌನಿನ ಮುದುಕ, ರೈಲ್ವೆಯಲ್ಲಿ ಗಾರ್ಡಾಗಿ ನಿವೃತ್ತನಾದವನು. ಕಪ್ಪು ಕೋಟು ತೊಟ್ಟು, ತನಗಿಂತ ಹಳೆಯದಾದ ಗಿಟಾರನ್ನು ತಬ್ಬಿಕೊಂಡು ಜಮಖಾನದ ಮೇಲೆ ಕುಳಿತ. ಹಾಡುವವರ ಮುಂದೆ ಊದಿನಕಡ್ಡಿ ಹಚ್ಚದೆ ಇರುತ್ತಾರೆಯೇ ಎಂದು ಸುಬ್ರಹ್ಮಣ್ಯನ ಹೆಂಡತಿ ಕೌಸಲ್ಯಾ ಒಂದು ಹಿಡಿ ಹಚ್ಚಿಟ್ಟು ಅಡಿಗೆಮನೆಗೆ ಹೋದಳು.

ಡೆಸ್ಮಂಡ್ ಕಣ್ಣು ಮುಚ್ಚಿ ಬಾಯಿ ತೆರೆದ. ಯಶವಂತಪುರದ ಹೊರಗೆ ಸಿಗ್ನಲ್ ಸಿಗದೆ ನಿಂತ ಗೂಡ್ಸ್ ಗಾಡಿ ಕೂಗಿಕೊಂಡಂತೆ ಒಂದು ಸ್ವರ ಹೊರಟಿತು. ಒಂದು ಸಾಲನ್ನು ಹಾಡಿ, ಕೇಳಿಸಲಿಲ್ಲವೇನೋ ಎಂಬಂತೆ ಅದನ್ನೇ ಇನ್ನೊಮ್ಮೆ ಹಾಡಿದ.

“ಹೆಂಡ್ತಿ ಬಿಟ್ಟು ಹೋದ್ಲು ಅಂತಿದಾನೆ” ಎಂದು ಸಾಹೇಬರು ಕಿವಿಯಲ್ಲಿ ಹೇಳಿದರು.

“ಅಯ್ಯೋ ಪಾಪ. ಯಾವಾಗ ಸಾರ್?”

“ಹಾಡಲ್ಲಿ ಕಣ್ರೀ!”

ಸುಬ್ರಹ್ಮಣ್ಯ ಅಲ್ಲಿಂದ ಮುಂದೆ ಬಾಯಿ ಬಿಡದೆ ತಲೆ ಮಾತ್ರ ಆಡಿಸತೊಡಗಿದ.

ಎದುರುಮನೆಯ ನಾಗಮಣಿ ತನ್ನ ಗೇಟಿನಲ್ಲಿ ನಿಂತು ನೋಡಿದಳು. ಸೋಫಾ ಹೊರಗಿದೆ. ಒಳಗೆ ಜಮಖಾನ ಹಾಸಿದೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಊದಿನಕಡ್ಡಿಯ ಹೊಗೆ. ಯಾರೂ ಮಾತಾಡುತ್ತಿಲ್ಲ, ಕಪ್ಪು ಕೋಟಿನ ಯಾರೋ ದೂರದ ನೆಂಟ ಒಂದೇ ಸಮನೆ ಗೋಳಾಡುತ್ತಿದ್ದಾನೆ. ಮೆಟ್ಟಿಲ ಮೇಲೆ ಅಜ್ಜಿ ಇಲ್ಲ. ನಾಗಮಣಿ ಒಲೆ ಆರಿಸಿ, ಅಕ್ಕಪಕ್ಕದ ಮನೆಗಳಿಗೆ ಸುದ್ದಿ ಮುಟ್ಟಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಬಂದು ಹಜಾರದ ಮೂಲೆಯಲ್ಲಿ ಕುಳಿತು ಅಳತೊಡಗಿದಳು. ಅವಳ ಹಿಂದೆ ಇನ್ನೂ ನಾಲ್ವರು ಬಂದರು. ಕೊನೆಗೆ ನಿವೃತ್ತ ಹೆಡ್ಮಾಸ್ಟರ್ ವೆಂಕಟರಾಮಯ್ಯನವರು ಬಂದು ಸುಬ್ರಹ್ಮಣ್ಯನ ಕೈ ಹಿಡಿದುಕೊಂಡರು.

“ಅಜ್ಜಿ ಎಲ್ಲಿ?” ಎಂದರು ಪಿಸುದನಿಯಲ್ಲಿ.

“ಸಿಂಗಾಪುರದಲ್ಲಿ.”

“ಓ, ಅಲ್ಲೇ ಹೋಗ್ಬಿಟ್ರಾ! ನಿನ್ನೆ ಸಂಜೆ ನನ್ನ ಮಂಡಿನೋವು ವಿಚಾರಿಸಿದ್ರು ಕಣ್ರೀ. ಧೈರ್ಯ ತಂದ್ಕೊಳ್ಳಿ.”

ಸುಬ್ರಹ್ಮಣ್ಯನಿಗೆ ಆಗ ಅರ್ಥವಾಯಿತು. ಅಲ್ಲ ಎನ್ನಲು ಬಾಯಿ ತೆರೆದ. ಆದರೆ ಸಾಹೇಬರು ಪಕ್ಕದಲ್ಲೇ ಇದ್ದರು. ತಮ್ಮ ಪ್ರಾಣಸಂಗೀತ ಈ ರಸ್ತೆಯವರಿಗೆ ಸಾವಿನ ಮನೆಯ ಗೋಳಿನಂತೆ ಕೇಳಿಸಿತೆಂದು ಅವರೆದುರು ಹೇಳುವುದು ಹೇಗೆ? ತಾಯಿ ಸಿಂಗಾಪುರಕ್ಕೆ ಹೋದದ್ದೇಕೆಂದು ಹೇಳುವುದು ಹೇಗೆ? ಬಾಗಲೂರಿನ ಸೋದರಮಾವಂದಿರು ಕಣ್ಣೆದುರು ಸಾಲುಗಟ್ಟಿ ನಿಂತರು.

“ಹೂಂ” ಎಂದುಬಿಟ್ಟ.

ಅಂದ ಮೇಲೆ ಕಿವಿಯವರೆಗೂ ಬಿಸಿಯಾಯಿತು. ಬಂದವರೆಲ್ಲ ಒಬ್ಬೊಬ್ಬರಾಗಿ ಅವನ ಕೈ ಅದುಮಿದರು, ಬೆನ್ನು ಸವರಿದರು. ಬದುಕಿರುವ ತಾಯಿಯ ಲೆಕ್ಕದಲ್ಲಿ ಇಷ್ಟೊಂದು ಕರುಣೆಯನ್ನು ಜೇಬಿಗಿಳಿಸುತ್ತಿದ್ದೇನಲ್ಲ ಎಂದು ಅವನಿಗೆ ನಿಜವಾಗಿಯೂ ಅಳು ಬಂತು. ಅದನ್ನು ಕಂಡು ನಾಗಮಣಿ ಇನ್ನೂ ಜೋರಾಗಿ ಅತ್ತಳು.

ಸಾಹೇಬರು ಪುಳಕಗೊಂಡಿದ್ದರು. “ಏನ್ರೀ ನಿಮ್ಮ ರಸ್ತೆ ಜನ! ಆರ್.ಟಿ. ನಗರದಲ್ಲಿ ಇಷ್ಟು ವರ್ಷ ಹಾಡಿಸಿದೀನಿ. ಕಿಟಕಿ ಮುಚ್ಚಿದೋರು ಉಂಟು, ಕಣ್ಣೀರು ಹಾಕ್ದೋರು ಒಬ್ಬರೂ ಇಲ್ಲ.”

ಡೆಸ್ಮಂಡ್ ಉತ್ತೇಜಿತನಾಗಿ ಇನ್ನೂ ದುಃಖದ ಹಾಡೊಂದನ್ನು ಎತ್ತಿಕೊಂಡ.

ಇತ್ತ, ರಸ್ತೆಯವರ ಒಳ್ಳೆಯದು ಕೆಟ್ಟದ್ದನ್ನೆಲ್ಲ ಮುಂದೆ ನಿಂತು ನಡೆಸುವ ಕಂಟ್ರಾಕ್ಟರ್ ಪುಟ್ಟಣ್ಣ, ಅಜ್ಜಿ ಸಿಂಗಾಪುರದಲ್ಲಿ ಹೋದಳೆಂಬ ಸುದ್ದಿ ಕಿವಿಗೆ ಬಿದ್ದದ್ದೇ ಯಾರನ್ನೂ ಕೇಳದೆ ಹಾರ ಕಟ್ಟಿಸಿಕೊಂಡು ಸ್ಕೂಟರಿನಲ್ಲಿ ಸಿಂಗಾಪುರ ತಲುಪಿದ್ದ. ಚಿಕ್ಕವ್ವನ ಅಂಗಳದಲ್ಲಿ ಮುನಿಕೆಂಪಮ್ಮ ರಾಗಿ ಕೇರುತ್ತ ಕುಳಿತಿದ್ದಳು.

“ಆರ ಯಾರಿಗ್ಲಾ ಪುಟ್ಟಣ್ಣ?” ಎಂದಳು.

ಪುಟ್ಟಣ್ಣ ಸುಳ್ಳು ಹೇಳುವವನಲ್ಲ. “ನಿಮ್ ಮಗನ ಮನೇಲಿ ಸಾವಾಗೈತೆ, ಎಲ್ಲಾ ಅಳ್ತಾವ್ರೆ. ನೀವೇ ಅನ್ಕೊಂಡಿದ್ದೆ.”

ತಾನಲ್ಲವೆಂಬುದು ಮುನಿಕೆಂಪಮ್ಮನಿಗೆ ಗೊತ್ತಿತ್ತು. ಹಾಗಾದರೆ ಯಾರು? ಆಕೆ ಮೊರ ಬಿಸಾಡಿ ಸ್ಕೂಟರು ಹತ್ತಿದಳು.

ಹಜಾರದಲ್ಲಿ ಡೆಸ್ಮಂಡನ ಹಾಡು ಮುಗಿಯಿತು. ಆ ನಿಶ್ಶಬ್ದದೊಳಕ್ಕೆ ಗೇಟಿನಿಂದ ಒಂದು ಕೂಗು ಬಂತು. ಮುನಿಕೆಂಪಮ್ಮ ಹೊಸಲಿನವರೆಗೆ ಬಂದಳು. ಒಳಗೆ ನೋಡುವ ಧೈರ್ಯ ಸಾಲದೆ ಅಲ್ಲೇ ಕುಸಿದು, ಮುಖಕ್ಕೆ ಸೆರಗು ಹಾಕಿಕೊಂಡು, ಹಾಡಿಕೊಂಡು ಅಳತೊಡಗಿದಳು.

“ಬಾಗ್ಲ ತುಂಬಾ ಮೆಟ್ಟು ಬಿಟ್ಟವ್ರೆ, ನನ್ನಪ್ಪಾ,
ಬಾಗ್ಲ ತುಂಬಾ ಮೆಟ್ಟು ಬಿಟ್ಟವ್ರೆ,
ಒತ್ತಾರೆ ನನ್ನ ಕಳಿಸ್ದೋನೆ, ನೀನ್ಯಾವ ಊರಿಗೆ ನಡುದ್ಯೋ!

ದೊಡ್ಡೋರ ಮುಂದೆ ಅವ್ವ ನಾಚ್ಕೆ ಅಂದ್ಯಲ್ಲೋ, ನನ್ನಪ್ಪಾ,
ದೊಡ್ಡೋರ ಮುಂದೆ ಅವ್ವ ನಾಚ್ಕೆ ಅಂದ್ಯಲ್ಲೋ,
ನಿನ್ನ ಮಾನ ಉಳೀಲಿ ಅಂತ ಚೀಲ ಇಡ್ಕೊಂಡು ನಡದ್ನಲ್ಲೋ!”

ಎರಡನೆಯ ಸಾಲಿಗೇ ಡೆಸ್ಮಂಡನ ಬೆರಳುಗಳು ಸ್ವರವನ್ನು ಹಿಡಿದಿದ್ದವು. ಗಿಟಾರು ಆಕೆಯ ಉಸಿರಿನ ಹಿಂದೆಯೇ ನಡೆಯಿತು. ಸತ್ತವಳೇ ಬಂದು ಇನ್ನಾರಿಗೋ ಅಳುತ್ತಿರುವುದನ್ನು ಕಂಡು ನಾಗಮಣಿ ಅಳುವುದನ್ನು ಬಿಟ್ಟು ಪಕ್ಕದವಳ ಹಿಂದೆ ಸರಿದಳು. ಸುಬ್ರಹ್ಮಣ್ಯನಿಗೆ ಜಮಖಾನದ ಕೆಳಗೆ ನುಸುಳಿಕೊಳ್ಳೋಣವೆನ್ನಿಸಿತು. ಸಾಹೇಬರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು.

“ಅವ್ವ” ಎಂದ.

ಸೆರಗು ಸರಿಯಿತು. “ಬದ್ಕಿದ್ದೀಯೇನ್ಲಾ?”

“ಹೂಂ.” ಈ ಹೂಂ ನಿಜವಾಗಿತ್ತು, ಆದರೆ ಅದಕ್ಕೆ ಬೆಲೆ ಕೊಡುವವರು ಯಾರೂ ಇರಲಿಲ್ಲ.

“ಮತ್ತೆ ಸತ್ತೋರ್ಯಾರು?”

“ನೀವು ಹೋಗ್ಬಿಟ್ರಾ ಅಂತ ನಾನು ಕೇಳ್ದಾಗ ಇವರು ಹೂಂ ಅಂದ್ರಲ್ಲಮ್ಮ!” ಎಂದು ವೆಂಕಟರಾಮಯ್ಯನವರು ತರಗತಿಯಲ್ಲಿ ಕಳ್ಳನನ್ನು ಹಿಡಿದವರಂತೆ ಬೆರಳು ತೋರಿಸಿದರು.

ಸುಬ್ರಹ್ಮಣ್ಯ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಬ್ಲೂಸ್ ಗೊತ್ತಿಲ್ಲವೆಂದ. ತಾಯಿಯನ್ನು ಸಾಗಹಾಕಿದೆನೆಂದ. ಹೊಸ ಶಾಖೆಗೆ ಹಾಕಿಬಿಡುತ್ತೀರೆಂಬ ಹೆದರಿಕೆ ಎಂದ. ಬಾಗಲೂರಿಗೇ ಏಕೆ ಹೆದರಿಕೆ ಎಂಬುದನ್ನು ಮಾತ್ರ ಹೇಳಲು ನಾಲಿಗೆ ಬರಲಿಲ್ಲ. ನೆರೆಯವರು ಎದ್ದು ಚಪ್ಪಲಿ ಹುಡುಕತೊಡಗಿದರು.

“ಓಗ್ಲಿ ಬುಡಿ” ಎಂದಳು ಮುನಿಕೆಂಪಮ್ಮ ಕಣ್ಣೊರೆಸಿಕೊಂಡು. “ಮಗ ಬದುಕವ್ನಲ್ಲ, ಸಾಕು.”

ಆಕೆ ಎರಡೇಟು ಹಾಕಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮುಕ್ತಾರ್ ಸಾಹೇಬರು ಹೋಗಿ ಹೊಸಲಿನ ಬಳಿ ಆಕೆಯೆದುರು ನೆಲದ ಮೇಲೆ ಕುಳಿತರು. “ಅಮ್ಮಾ, ಈ ಥರ ಹಾಡೋದು ಎಲ್ಲಿ ಕಲ್ತ್ರಿ?”

“ಕಲ್ಯಾದೇನ್ ಬಂತು ಸ್ವಾಮಿ? ಬಾಗಲೂರು ನನ್ನ ತವ್ರು. ಅಲ್ಲಿ ಎಂಗಸ್ರೆಲ್ಲ ಅಳಾದೇ ಇಂಗೆ.”

“ಮೂವತ್ತು ವರ್ಷ ರೈಲಲ್ಲಿ ಸುತ್ತಿದೆ ಮ್ಯಾನ್” ಎಂದ ಡೆಸ್ಮಂಡ್, ಕನ್ನಡಕ ತೆಗೆದು ಕೋಟಿಗೆ ಒರೆಸುತ್ತ. “ಇಂಥದ್ದು ಇಲ್ಲೇ ಇತ್ತಲ್ಲ!”

ಹೊರಡುವಾಗ ಸಾಹೇಬರು ಸುಬ್ರಹ್ಮಣ್ಯನನ್ನು ಕಾಂಪೌಂಡಿನಲ್ಲಿದ್ದ ಸೋಫಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು.

“ತಪ್ಪಾಯ್ತು ಸಾರ್” ಎಂದ ಸುಬ್ರಹ್ಮಣ್ಯ.

“ತಪ್ಪು ನಂದು ಕಣ್ರೀ. ಮನೇಲಿ ವಯಸ್ಸಾದ ತಾಯಿ ಇದಾರೆ ಅಂತ ಶುಕ್ರವಾರಾನೇ ನಿಮ್ಮನ್ನ ಬಿಟ್ಟು, ಬಾಗಲೂರಿಗೆ ಶೇಷಗಿರೀನ ಹಾಕಿದ್ದೆ.”

ಸುಬ್ರಹ್ಮಣ್ಯ ಸೋಫಾದ ಅಂಚಿಗೆ ಸರಿದು ಕುಳಿತ.

“ಎಂಥ ಅನ್ಯಾಯ ಆಗ್ತಿತ್ತು ನೋಡಿ! ಬಾಗಲೂರು ಅಮ್ಮನ ತವರು ಅಂತ ನನಗೇನು ಗೊತ್ತು? ಅವರನ್ನ ಕರ್ಕೊಂಡು ಅಲ್ಲೇ ಮನೆ ಮಾಡಿ. ದಿನಾ ಅಷ್ಟು ದೂರ ಬಸ್ಸಲ್ಲಿ ಓಡಾಡ್ಬೇಕಲ್ಲ ಅಂತ ತಾನೇ ನಿಮ್ಮ ಹೆದರಿಕೆ? ಅದೂ ಇರಲ್ಲ. ತಿಂಗಳಿಗೊಂದ್ಸಲ ನಾವೆಲ್ಲ ಅಲ್ಲಿಗೇ ಬರ್ತೀವಿ. ನಾಳೆ ಬೆಳಗ್ಗೆ ಮೊದಲ ಕೆಲಸ ಇದೇ.”

“ಸಾರ್, ಆದ್ರೆ...”

“ಥ್ಯಾಂಕ್ಸ್ ಗೀಂಕ್ಸ್ ಎಲ್ಲಾ ಬೇಡ” ಎಂದು ಸಾಹೇಬರು ಅವನ ಬೆನ್ನು ತಟ್ಟಿ ಎದ್ದರು.

ಸುಬ್ರಹ್ಮಣ್ಯನಿಗೆ ಬಾಗಲೂರಿಗೆ ವರ್ಗವಾಯಿತು.